ಜಿನ್ನಿಗೆಂದು ಹೆಚ್ಚಿಟ್ಟ ಸೌತೆಕಾಯಿ

ಗೆಳೆಯರೇ, ಈ ಕಥೆ ಕೇಳಿ. ನನ್ನ ಗ್ರೀನ್ ಕಾರ್ಡ್ ಕಾಗದಕ್ಕೆ ಸಹಿ ಹಾಕಬೇಕಾದ ಮ್ಯಾನೇಜರ್ ಲಿಂಡಾ ಇವತ್ತು ಮಧ್ಯಾಹ್ನ ಏಪೆಕ್ಸ್ ಊರಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅವರಿಗೆ ಜಿನ್ ಅಂಡ್ ಟಾನಿಕ್ ಪ್ರಾಣ. ನನಗೆ ಅದರ ಗಂಧಗಾಳಿಯೂ ಇಲ್ಲ.

"ಈ ಜಿನ್ನಿಗೆ ನಿಂಬೆ ಬೇಡ, ಸೌತೆಕಾಯಿ ಹಾಕಿ" ಎಂದಿದ್ದ ಅಂಗಡಿಯವನು. ಸೌತೆಕಾಯಿಯಾದರೂ ಗೊತ್ತಲ್ಲ ಎಂಬ ಧೈರ್ಯದಲ್ಲಿ ಅದನ್ನೇ ತಂದೆ. ಗ್ಯಾಸ್ ಹೋಗದಿರಲಿ ಎಂದು ಟಾನಿಕ್ ಎಂಬ ಕಹಿ ಸೋಡಾದ ಚಿಕ್ಕ ಬಾಟಲಿಗಳನ್ನೇ ಆರಿಸಿದೆ. ಮೈಸೂರಿನಿಂದ ಬಂದಿರುವ ಅತ್ತೆಗೆ "ಅವ್ರು ಬರೀ ಸೋಡಾ ಕುಡೀತಾರೆ" ಎಂದು ಹೇಳಿ, ಜಿನ್ನನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿದೆ. ಸೌತೆಕಾಯಿ ಹೆಚ್ಚಿಟ್ಟು ಬಟ್ಟೆ ಬದಲಿಸಲು ಹೋದೆ.

ಬಂದು ನೋಡಿದರೆ ಮನೆಯೆಲ್ಲ ಇಂಗಿನ ಘಮ.

"ಅತ್ತೆ, ಏನ್ ಮಾಡಿದ್ರಿ?"

"ಅಷ್ಟು ದಪ್ಪ ಹೆಚ್ಚಿದ್ರೆ ಕೋಸಂಬರಿ ಆಗತ್ತೇನಮ್ಮಾ? ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ ಬೆರೆಸಿ, ಒಗ್ಗರಣೆ ಹಾಕ್ದೆ. ಉಪ್ಪು ನೋಡು."

ಮನೆಯಲ್ಲಿ ಇನ್ನೊಂದು ಸೌತೆಕಾಯಿ ಇರಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು.

ಅತ್ತೆಯ ಕಣ್ಣು ತಪ್ಪಿಸಿ ಜಿನ್ನಿಗೆ ಟಾನಿಕ್ ಬೆರೆಸಿ ಲಿಂಡಾಗೆ ಕೊಟ್ಟೆ. ಅವರು ಕೋಸಂಬರಿಯ ಬಟ್ಟಲು ನೋಡಿ, "ಗಾರ್ನಿಶ್?" ಎಂದು, ಅಂದರೆ ಗ್ಲಾಸಿಗೆ ಹಾಕಿಕೊಳ್ಳುವುದೇ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ಒಂದು ಚಮಚ ಕೋಸಂಬರಿಯನ್ನು ಗ್ಲಾಸಿಗೇ ಸುರಿದುಕೊಂಡರು. ಸಾಸಿವೆ ತೇಲಿತು. ನನ್ನ ಗ್ರೀನ್ ಕಾರ್ಡ್ ಮುಳುಗಿತು ಅಂದುಕೊಂಡೆ.

"ಬ್ರಿಲಿಯಂಟ್!" ಎಂದರು.

ಮುಂದಿನ ಶನಿವಾರ ಇಡೀ ಟೀಮನ್ನು ಕರೆತರುತ್ತಾರಂತೆ. ಅತ್ತೆ ಈಗಲೇ, "ಎಷ್ಟು ಜನಕ್ಕೆ ಬೇಳೆ ನೆನೆಸ್ಲಿ?" ಎಂದು ಕೇಳುತ್ತಿದ್ದಾರೆ. "ಆ ಸೋಡಾ ನಂಗೂ ಒಂದ್ ಲೋಟ ಎತ್ತಿಡಮ್ಮಾ" ಅಂತಲೂ ಹೇಳಿದ್ದಾರೆ.