ಮೆನು ತೆರೆಯದ ಅಕ್ಕಾರು

ಕಳೆದ ವಾರ ನನ್ನ ಅಂಗಡಿಯ ಪಕ್ಕದ ಟೇಲರ್ ತನ್ನ ಹೊಲಿಗೆ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಬೈಲಹೊಂಗಲದ ಈ ಓಣಿಯಲ್ಲಿ ಮಧ್ಯಾಹ್ನ ಗಿರಾಕಿಗಳು ಕಡಿಮೆ. ನಾನು ಕಂಪ್ಯೂಟರಿನ ಮುಂದೆ ಯಾರದೋ ಲಗ್ನಪತ್ರಿಕೆಗೆ ಬಣ್ಣ ಹುಡುಕುತ್ತಿದ್ದೆ. ಆಗ ಯಂತ್ರದ ಎಣ್ಣೆಯ ವಾಸನೆ ಗೋಡೆ ದಾಟಿ ಬಂತು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಯಾರೋ ಬೈದಂತೆ ಎರಡೂ ಪಾದ ಜೋಡಿಸಿಕೊಂಡೆ. ಆಮೇಲೆ ನನಗೇ ನಗು ಬಂತು. ನಗುವಿನ ಹಿಂದೆಯೇ ಅಕ್ಕಾರು ಬಂದರು...

ಸವದತ್ತಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಮೂರು ವರ್ಷ ನಾನು ಅವರ ಪಕ್ಕ ಕೂತು ಕೆಲಸ ಮಾಡಿದೆ. ಸ್ಟುಡಿಯೋಕ್ಕೆ ಬರುವ ಮೊದಲು ಅವರು ಅದೇ ಊರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಕಚೇರಿಗಳಲ್ಲಿ ಕೂತ ಎಷ್ಟೋ ಗುಮಾಸ್ತರ ಬೆರಳು ತಿದ್ದಿದವರು ಅವರೇ. ಆ ಶಿಷ್ಯರು ಕರೆಯುತ್ತಿದ್ದಂತೆ ಎಲ್ಲರೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು. ಕಲಿಯುವವರು ಇಲ್ಲವಾಗಿ ಕ್ಲಾಸು ಮುಚ್ಚಿದ ಮೇಲೆ ಒಂದು ಟೈಪ್‌ರೈಟರನ್ನು ಮನೆಗೆ ಒಯ್ದಿಟ್ಟುಕೊಂಡು, ಪ್ರತಿ ಭಾನುವಾರ ಅದಕ್ಕೆ ಎಣ್ಣೆ ಬಿಡುತ್ತಿದ್ದರು. ಯಾರೂ ಮುಟ್ಟದ ಯಂತ್ರಕ್ಕೆ ಎಣ್ಣೆ ಯಾಕೆ ಎಂದರೆ, ಜಂಗು ಹಿಡಿಯಬಾರದಲ್ಲ ಎನ್ನುತ್ತಿದ್ದರು. ಸೋಮವಾರ ಕೆಲಸಕ್ಕೆ ಬಂದಾಗ ಅವರ ಬೆರಳಿಗೆ ಅದೇ ವಾಸನೆ ಇರುತ್ತಿತ್ತು.

ಸ್ಟುಡಿಯೋದ ಕಂಪ್ಯೂಟರಿನಲ್ಲಿ ಇದ್ದದ್ದು ಗಿಂಪ್. ಪುಕ್ಕಟೆ ಸಿಗುವ, ಫೋಟೋ ತಿದ್ದುವ ಸಾಫ್ಟ್‌ವೇರ್. ಅಕ್ಕಾರು ಅದನ್ನೂ ಟೈಪಿಂಗ್ ಹಾಗೆಯೇ ಕಲಿತಿದ್ದರು. ಒಂದೊಂದೇ ಕೀ ಒತ್ತಿ ನೋಡಿ, ಏನಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬಾಯಿಪಾಠ ಮಾಡಿ, ಕೊನೆಗೆ ನೋಟ್‌ಬುಕ್ಕನ್ನು ಎಲ್ಲಿಟ್ಟರೆಂದು ಅವರಿಗೇ ಮರೆತುಹೋಗಿತ್ತು. ಪಿ ಒತ್ತಿದರೆ ಕುಂಚ, ಓ ಒತ್ತಿದರೆ ಫೋಟೋದಿಂದಲೇ ಬಣ್ಣ ಹೀರುವುದು, ಎಚ್ ಒತ್ತಿದರೆ ಕಲೆ ಮಾಯಿಸುವುದು. ಪಿ ಪಕ್ಕದ ಎರಡು ಚೌಕ ಕಂಸಗಳಲ್ಲಿ ಒಂದು ಕುಂಚವನ್ನು ಸಣ್ಣದು ಮಾಡಿದರೆ ಇನ್ನೊಂದು ದೊಡ್ಡದು ಮಾಡುತ್ತಿತ್ತು. ಮೇಲಿನ ಮೆನುಗಳನ್ನು ಅವರು ತೆರೆದದ್ದನ್ನು ನಾನು ನೋಡಲೇ ಇಲ್ಲ.

ನಾನು ಉಗರಗೋಳದಿಂದ ದಿನಾ ಬಸ್ಸಿಗೆ ಬರುತ್ತಿದ್ದವಳು. ಡಿಗ್ರಿ ಮುಗಿದಿತ್ತು, ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದೆ, ತಲೆಗೆ ಎರಡು ಕೋಡು ಮೂಡಿದ್ದವು. ಐವತ್ತು ದಾಟಿದ ಈ ಹೆಂಗಸಿಗೆ ನಾನೇ ನಾಲ್ಕು ಪಾಠ ಹೇಳಿಕೊಡಬೇಕಾದೀತು ಎಂದುಕೊಂಡು ಮೊದಲ ದಿನ ಹೋದೆ. ಅವರು ಒಂದು ಮದುವೆಯ ಫೋಟೋಗಳನ್ನು ಮುಂದಿಟ್ಟುಕೊಂಡಿದ್ದರು. ನಾನು ಒಂದು ಫೋಟೋಕ್ಕಾಗಿ ಮೆನುವಿನಲ್ಲಿ ಮೇಲಿಂದ ಕೆಳಗೆ ಹುಡುಕುವಷ್ಟರಲ್ಲಿ ಅವರ ಕಂಪ್ಯೂಟರಿನಲ್ಲಿ ಆರು ಫೋಟೋ ಮುಗಿದಿದ್ದವು. ಕೀಗಳ ಸದ್ದು ಮಾತ್ರ ಕೇಳುತ್ತಿತ್ತು, ನಿಲ್ಲದೆ, ಅವಸರವಿಲ್ಲದೆ. ಮದುಮಗಳ ಮುಖದ ನೆರಳು ಸರಿದು ಹೋಯಿತು, ಹಿಂದಿನ ವೈರು ಮಾಯವಾಯಿತು, ವಾರೆಯಾಗಿದ್ದ ಚಪ್ಪರ ನೆಟ್ಟಗಾಯಿತು. ನಾನು ಬಾಯಿ ತೆರೆದುಕೊಂಡು ಕೂತೆ. ಅಂಥ ಕೈಗಳನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ನನಗೂ ಕಲಿಸಿದರು, ಆದರೆ ಅವರದೇ ರೀತಿಯಲ್ಲಿ. ಬೆನ್ನು ನೆಟ್ಟಗೆ, ಪಾದ ಜೋಡಿಸಿ ಕೂರಿಸಿ, ನನ್ನ ಎರಡೂ ಕೈಯ ಮೇಲೆ ಒಂದು ಟವೆಲ್ ಹೊದಿಸಿಬಿಟ್ಟರು, ಟೈಪಿಂಗ್ ಕ್ಲಾಸಿನಲ್ಲಿ ಹುಡುಗರು ಕೀ ನೋಡಬಾರದೆಂದು ಹೊದಿಸುತ್ತಿದ್ದರಂತೆ. ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. ಬಂದ ಗಿರಾಕಿಗಳು ನನ್ನ ಕೈಗೆ ಏನೋ ಪೆಟ್ಟಾಗಿದೆ ಎಂದು ತಿಳಿದು ಕನಿಕರದಿಂದ ನೋಡುತ್ತಿದ್ದರು. ಒಂದು ದಿನ ಟವೆಲ್ ಕಿತ್ತೊಗೆದೆ. ಅಕ್ಕಾರು ಅದನ್ನು ಮಡಚಿ ಮತ್ತೆ ಹೊದಿಸಿದರು.

“ಕಣ್ಣ ಫೋಟೋದ ಮ್ಯಾಲ ಇರ್ಲಿ ತಂಗಿ. ಅಲ್ಲಿರೂದು ಮನಷ್ಯಾರ ಮಾರಿ.”

ಎರಡು ತಿಂಗಳಲ್ಲಿ ನನ್ನ ಕೈ ಪಳಗಿತು. ಕೋಡು ಮತ್ತೆ ಮೂಡಿದವು.

ನಮ್ಮ ಕಡೆ ತೀರಿಕೊಂಡ ಹೆಂಗಸಿನ ಫೋಟೋ ಮಾಡಿಸಲು ಬಂದರೆ ಸ್ಟುಡಿಯೋದವರು ಮೊದಲು ಒಂದು ಮಾತು ಕೇಳುತ್ತಾರೆ: ಯಜಮಾನರು ಇದ್ದಾರೋ? ಗಂಡ ಮೊದಲೇ ಹೋಗಿದ್ದರೆ ಹಳೆಯ ಫೋಟೋದಲ್ಲಿನ ಕುಂಕುಮ ಅಳಿಸಬೇಕು, ಹಸಿರು ಬಳೆಯ ಬಣ್ಣ ಬದಲಿಸಬೇಕು. ಇದ್ದರೆ ಎರಡೂ ಎದ್ದು ಕಾಣಬೇಕು. ಈ ಪದ್ಧತಿಯ ಮೇಲೆ ನನಗೆ ಸಿಟ್ಟಿದೆ, ಆದರೆ ಫೋಟೋ ನನ್ನದಲ್ಲ. ಕಟಕೋಳದಿಂದ ಯಾರೋ ಒಬ್ಬ ಸಂಬಂಧಿಕ ಒಂದು ಹಳೆಯ ಫೋಟೋ ತಂದು, ಗಡಿಬಿಡಿಯಲ್ಲಿ ಸ್ಕ್ಯಾನ್ ಮಾಡಿಸಿ, ನಾಳೆ ಬರುತ್ತೇವೆ ಎಂದು ಹೇಳಿ ಹೋದ. ಅಂದು ಅಕ್ಕಾರು ರಜೆಯಲ್ಲಿದ್ದರು. ಫೋಟೋದಲ್ಲಿ ಸಾಲಾಗಿ ನಿಂತ ಮಂದಿಯಲ್ಲಿ ಒಬ್ಬಳು ಮುದುಕಿ, ತೀರಿಕೊಂಡವಳು ಅವಳೇ. ಫೋಟೋ ಥಂಡಿ ಹಿಡಿದು ಕಲೆಕಲೆಯಾಗಿತ್ತು, ಅವಳ ಹಣೆಯಲ್ಲಿ ಒರೆಸಿದಂಥ ಕೆಂಪು ಛಾಯೆ ಮಾತ್ರ ಉಳಿದಿತ್ತು. ಹಿಂದಿನ ವಾರ ಬಂದ ಇಂಥ ಮೂರು ಫೋಟೋಗಳಲ್ಲೂ ಕುಂಕುಮ ತೆಗೆಯಲು ಹೇಳಿದ್ದರು. ನಾನು ಕೇಳಲೇ ಇಲ್ಲ. ಎಚ್ ಒತ್ತಿದೆ, ಹಣೆ ಸ್ವಚ್ಛವಾಯಿತು. ಬಳೆಗಳ ಹಸಿರನ್ನೂ ತೆಗೆದೆ. ನೋಡದೆಯೇ ಎಷ್ಟು ಬೇಗ ಮುಗಿಸಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಫ್ರೇಮು ಹಾಕಿಸಿ ಇಟ್ಟೆ.

ಮರುದಿನ ಮಧ್ಯಾಹ್ನ ತಲೆಗೆ ಬಿಳಿ ಪಟಗ ಸುತ್ತಿದ ಒಬ್ಬ ಅಜ್ಜ ಬಂದು ಫ್ರೇಮು ಇಸಿದುಕೊಂಡ. ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ದನಿಯೇರಿಸದೆ ಹೇಳಿದ:

“ನಾ ಇನ್ನೂ ಅದೇನಿ, ಯವ್ವಾ.”

ಅದರ ಮಾರನೆಯ ಬೆಳಿಗ್ಗೆಯೇ ಅವಳ ದಿನದ ಕಾರ್ಯ. ಊರೆಲ್ಲ ಕೂಡುವಾಗ, ಜೀವಂತ ಗಂಡನ ಮುಂದೆ, ಬರಿಯ ಹಣೆಯ ಹೆಂಡತಿಗೆ ಹೂವಿನ ಹಾರ ಹಾಕಿಸುವುದರಲ್ಲಿದ್ದೆ ನಾನು. ಅಜ್ಜನ ಬಸ್ಸಿಗೆ ಅರ್ಧ ತಾಸು ಕೂಡ ಇರಲಿಲ್ಲ. ಹಳೆಯ ಫೋಟೋದಲ್ಲೇ ಕುಂಕುಮದ ಆಕಾರ ಅಳಿಸಿಹೋಗಿತ್ತು, ಇನ್ನು ಯಾವುದನ್ನು ನೋಡಿ ಇಡುವುದು? ಸಿನಿಮಾದ ಹೆಂಗಸರಿಗೆ ಇಡುವಂಥ ಒಂದು ಗುಂಡು ಬೊಟ್ಟು ಇಟ್ಟೆ. ಅಜ್ಜ ತಲೆ ಅಲ್ಲಾಡಿಸಿದ, ಇದು ಬ್ಯಾರೆ ಯಾರೋ ಎಂದ.

ಅಂದು ಕೆಲಸಕ್ಕೆ ಬಂದಿದ್ದ ಅಕ್ಕಾರು ನನ್ನನ್ನು ಎಬ್ಬಿಸಿ ತಾವು ಕೂತರು. ಅಜ್ಜನಿಗೆ ಪಕ್ಕದಲ್ಲಿ ಕುರ್ಚಿ ಹಾಕಿಸಿದರು.

“ಹ್ಯಾಂಗ ಹಚ್ಚತಿದ್ರು ಹೇಳ್ರಿ ಅಜ್ಜಾರ. ಪರದೆ ಅಷ್ಟ ನೋಡ್ರಿ, ನನ್ನ ನೋಡಬ್ಯಾಡ್ರಿ.”

ಅಜ್ಜ ಹೇಳತೊಡಗಿದ. ಮೊದಲು ತಡೆದು ತಡೆದು, ಆಮೇಲೆ ತನ್ನೊಳಗೆ ತಾನೇ ಮಾತಾಡಿಕೊಳ್ಳುವವನಂತೆ. ಅವಳು ಕನ್ನಡಿ ನೋಡಿ ಹಚ್ಚುತ್ತಿರಲಿಲ್ಲವಂತೆ, ಒಲೆಯ ಮುಂದೆ ಕೂತೇ ಬೆರಳಿನಲ್ಲಿ ಒತ್ತಿಕೊಳ್ಳುತ್ತಿದ್ದಳಂತೆ. ಇನ್ನೂ ದೊಡ್ಡದು, ಎಂದ. ಅವನ ಮಾತು ಮುಗಿಯುವ ಮೊದಲೇ ಅದು ದೊಡ್ಡದಾಗಿತ್ತು. ಅಷ್ಟು ಅಲ್ಲ, ಎಂದ, ಕಂಟ್ರೋಲ್ ಝಡ್, ಅದು ಹಿಂದೆ ಸರಿದಿತ್ತು. ಬಣ್ಣ ಇಷ್ಟು ಕೆಂಪಲ್ಲ, ಸ್ವಲ್ಪ ಕಪ್ಪು ಹೊಡೆದದ್ದು. ಪಕ್ಕದ ಹೆಂಗಸಿನ ಸೀರೆಯ ಅಂಚಿನಿಂದ ಅಕ್ಕಾರು ಬಣ್ಣ ಹೀರಿದರು. ಎಡಕ್ಕೆ. ಬಾಣದ ಕೀಯ ಮೇಲೆ ಒಂದು ಬೆರಳು ಆಡಿತು, ಕುಂಕುಮ ಕೂದಲೆಳೆಯಷ್ಟು ಎಡಕ್ಕೆ ಸರಿಯಿತು. ಇನ್ನಷ್ಟು... ಇನ್ನೊಂದೀಟು... ಅಜ್ಜನಿಗೆ ಕೀಲಿಮಣೆ ಇದೆಯೆಂಬುದೇ ಮರೆತುಹೋಗಿತ್ತು. ತನ್ನ ಹೆಂಡತಿಯ ಹಣೆಗೆ ತಾನೇ ಕೈಯಾರೆ ಹಚ್ಚುತ್ತಿದ್ದೇನೆ ಎನ್ನುವಂತೆ ಅವನ ಬಲಗೈ ಬೆರಳು ಗಾಳಿಯಲ್ಲಿ ಎದ್ದಿತ್ತು. ನಡುವೆ ಒಂದೇ ಒಂದು ಸಲ ಮೆನು ತೆರೆದುಕೊಂಡು ಫೋಟೋ ಮುಚ್ಚಿದ್ದರೂ ಅವನ ಕಣ್ಣೆದುರಿನ ಆ ಮುಖ ಚೆದುರಿ ಹೋಗುತ್ತಿತ್ತು. ಅಕ್ಕಾರ ಕೈ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಬೇಗ ಕೆಲಸ ಮಾಡುವುದು ಯಾತಕ್ಕೆ ಎಂದು ನನಗೆ ತಿಳಿದದ್ದು ಅಂದು.

“ಇಲ್ಲೆ,” ಎಂದ ಅಜ್ಜ. “ಇಕಿ ನಮ್ಮಾಕಿ.”

ಬಳೆಗಳಿಗೆ ಹಸಿರು ಬಂತು, ಪ್ರಿಂಟು ಬಂತು. ಫ್ರೇಮು ಒಣ ಬಟ್ಟೆಯಲ್ಲಿ ಒರೆಸಿ, ಪೇಪರು ಸುತ್ತಿ, ಬಸ್‌ಸ್ಟ್ಯಾಂಡಿನವರೆಗೆ ನಾನೇ ಹೊತ್ತುಕೊಂಡು ಹೋದೆ. ತಿರುಗಿ ಬಂದಾಗ ಅಕ್ಕಾರು ಬೇರೆ ಫೋಟೋದಲ್ಲಿ ಮುಳುಗಿದ್ದರು. ತಲೆ ಎತ್ತದೆ, ಇನ್ನು ಮುಂದೆ ಯಾರ ಹಣೆಯನ್ನೂ ಕೇಳದೆ ಮುಟ್ಟಬೇಡ ಎಂದಷ್ಟೇ ಹೇಳಿದರು.

ಮದುವೆಯಾಗಿ ನಾನು ಬೈಲಹೊಂಗಲಕ್ಕೆ ಬಂದೆ, ಸ್ವಂತ ಅಂಗಡಿ ಹಾಕಿದೆ. ಅಕ್ಕಾರಿಗೆ ಪಾರ್ಶ್ವವಾಯು ಬಡಿದು ಎಡಗೈ ನಿಂತಿತೆಂದು ಸುದ್ದಿ ಬಂತು. ಬಸ್ಸಿನಲ್ಲಿ ಎಷ್ಟು ದೂರ? ಈ ಭಾನುವಾರ, ಬರುವ ಭಾನುವಾರ ಎನ್ನುತ್ತ ಉಳಿದೆ. ನಿಜ ಹೇಳಬೇಕೆಂದರೆ, ಆ ಕೈ ಸುಮ್ಮನೆ ಬಿದ್ದಿರುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಅವರು ಹೋದ ಮೇಲೆ ಹೋದೆ. ಅದಕ್ಕೆ ಕ್ಷಮೆ ಕೇಳಲು ಈಗ ಯಾರೂ ಇಲ್ಲ.

ಅವರ ತಮ್ಮನ ಮನೆಯ ಗೋಡೆಗೆ ಒಂದು ಫೋಟೋ ಹಾಕಿದ್ದರು. ಯಾವುದೋ ಗುರುತಿನ ಚೀಟಿಯಿಂದ ತೆಗೆದು ದೊಡ್ಡದು ಮಾಡಿದ್ದು, ಮುಖ ಬಿಗಿದುಕೊಂಡಿತ್ತು. ತಮ್ಮನ ಹೆಂಡತಿ ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟು, ಇದು ಅಕ್ಕಾರಂತೆ ಕಾಣುವುದಿಲ್ಲ, ಅವರು ನಗುವಾಗ ಇದ್ದಂತೆ ಮಾಡಿಕೊಡು, ಜೊತೆಗೆ ಕೂತವಳು ನೀನು, ನಿನಗೆ ಗೊತ್ತಿರುತ್ತದೆ ಎಂದಳು.

ಆ ಫೋಟೋ ಈಗ ನನ್ನ ಪರದೆಯ ಮೇಲಿದೆ. ನನ್ನ ಬೆರಳುಗಳಿಗೆ ಎಲ್ಲ ಗೊತ್ತು, ಯಾವ ಕೀಯನ್ನೂ ಹುಡುಕಬೇಕಾಗಿಲ್ಲ. ಆದರೆ ಮೂರು ವರ್ಷ ಪಕ್ಕದಲ್ಲಿ ಕೂತು ನಾನು ಬೆರಗಿನಿಂದ ನೋಡಿದ್ದು ಅವರ ಕೈಗಳನ್ನು. ಅವರು ನಗುವಾಗ ತುಟಿ ಯಾವ ಕಡೆ ಏಳುತ್ತಿತ್ತು... ನಾನು ನೋಡಿಯೇ ಇಲ್ಲ.