ಯಾರೂ ಮುಟ್ಟದ ಚುರುಟು

ಬೀದರಿನ ಶಾಕಿರಾ ಬೇಗಂ ನಲವತ್ತು ವರ್ಷ ಬೀಡಿ ಸುತ್ತಿದವರು. ಅವರ ಬೆರಳಿನ ಹದದ ಬಗ್ಗೆ ಓಣಿಯವರು ಆಡುತ್ತಿದ್ದ ಮಾತು ಕೇಳಿಯೇ ಗಾಂಧಿ ಗಂಜಿನ ಬೇಳೆ ವ್ಯಾಪಾರಿ ಗೋರಖನಾಥ ಅವರನ್ನು ಕರೆಸಿದ್ದ.

ಗೋರಖನಾಥನಿಗೆ ಹಳೆಯ ಚುರುಟು ಕೂಡಿಡುವ ಹುಚ್ಚು. ಸೇದುವುದಿಲ್ಲ, ಪೆಟ್ಟಿಗೆ ತೆರೆದು, ಮೂಸಿ, ಮುಚ್ಚಿಡುತ್ತಾನೆ. ಮುಂಬೈಯಿಂದ ತಂದ ಕ್ಯೂಬಾದ ಒಂದು ಪೆಟ್ಟಿಗೆಯೆಂದರೆ ಅವನಿಗೆ ಪ್ರಾಣ. ಆ ಬಗೆಯ ಚುರುಟು ಮಾಡುವುದನ್ನೇ ಕ್ಯೂಬಾದಲ್ಲಿ ನಿಲ್ಲಿಸಿ ಮೂವತ್ತು ವರ್ಷ ದಾಟಿತ್ತು. ಈಗ ಅದಕ್ಕೆ ಹುಳ ಬಿದ್ದಿತ್ತು.

“ಸರಿ ಮಾಡ್ಲಿಕ್ಕ ಆಗ್ತದೇನ್ರಿ ಶಾಕಿರಾಬಿ?”

“ಒಂದು ಪೂರಾ ಹಾಳಾಗ್ಯಾದ್ರಿ. ಅದರ ಎಲಿ ಬಿಚ್ಚಿ ಉಳಿದವಕ್ಕ ಹಚ್ತೇನಿ.”

ಹಸಿ ಬಟ್ಟೆಯಲ್ಲಿ ಎಲೆಯನ್ನು ಮೆತ್ತಗಾಗಿಸಿ, ಉಗುರಗಲದ ತುಂಡು ಕತ್ತರಿಸಿ, ಗೋಂದು ಸವರಿ ಆರು ದಿನ ಕೂತರು. ಎರಡನೆಯ ದಿನ ಅವರಿಗೊಂದು ತಿಳಿಯಿತು: ಎಲೆ ಎಂದಿನದಕ್ಕೆ ಎದುರು ದಿಕ್ಕಿಗೆ ಸುತ್ತಿಕೊಂಡಿತ್ತು. ಸುತ್ತಿದವರು ಎಡಗೈಯವರು. ಸಮುದ್ರದಾಚೆಯ ಆ ಗುರುತಿಲ್ಲದ ಕೈಗೆ ಸರಿಹೊಂದಲೆಂದು ತಾವೂ ಎಡಗೈಯಲ್ಲೇ ಎಲೆ ಹಚ್ಚಿದರು. ತೂತಿದ್ದ ಜಾಗ ಕಡೆಗೆ ಅವರ ಕಣ್ಣಿಗೂ ಸಿಗಲಿಲ್ಲ.

ಮುಂದಿನ ವಾರ ಹೈದರಾಬಾದಿನಿಂದ ಚುರುಟು ಸಂಗ್ರಹಿಸುವವರು ಬಂದಿದ್ದಾರೆಂದು ಕೇಳಿ ಆಕೆ ಅಂಗಡಿಗೆ ಹೋದರು. ತಮ್ಮ ಕೈಕೆಲಸವನ್ನು ಬಲ್ಲವರು ನೋಡುವುದನ್ನು ಕಾಣುವ ಆಸೆ. ಬಂದವರಲ್ಲೊಬ್ಬ ಆ ಪೆಟ್ಟಿಗೆಯ ಒಂದು ಚುರುಟನ್ನು ಬೆಳಕಿಗೆ ಹಿಡಿದಿದ್ದ.

“ಇಂಥಾ ಕೈ ಈಗೆಲ್ಲಿ ಸಿಗಬೇಕ್ರಿ? ಸುತ್ತಿದ ಮ್ಯಾಲ ಇದನ್ನ ಯಾರೂ ಮುಟ್ಟಿಲ್ಲ ಹೌದಲ್ಲ?”

“ಯಾರೂ ಇಲ್ರಿ,” ಎಂದ ಗೋರಖನಾಥ.

ಬಾಗಿಲಲ್ಲಿ ನಿಂತಿದ್ದ ಶಾಕಿರಾ ಬೇಗಂ ತಡೆಯಲಾರದೆ, “ಅದನ್ನ ನಾ ಸರಿ ಮಾಡೀನ್ರಿ,” ಎಂದುಬಿಟ್ಟರು.

“ಬೀಡಿ ಸುತ್ತಾವ್ರು ಅದಾರ್ರಿ. ವಯಸ್ಸಾಗ್ಯಾದ, ಏನರ ಅಂತಿರ್ತಾರ,” ಎಂದ ಗೋರಖನಾಥ, ಅವರ ಮುಖ ನೋಡದೆ.

ಎಲ್ಲರೂ ನಕ್ಕರು. ಬಂದವ ತಮಾಷೆಗೆ ಚುರುಟನ್ನು ಅವರತ್ತ ಚಾಚಿದ. “ಎಲ್ಲಿ ಸರಿ ಮಾಡೀರಿ, ತೋರಸ್ರಿ ಅಮ್ಮಾ.”

ಕಣ್ಣಿಗೆ ಕಾಣದ ಆ ತೇಪೆ ಬೆರಳಿಗೆ ಗೊತ್ತಿತ್ತು. ಉಗುರು ತಾಗಿಸಿದ್ದರೆ ಎಲ್ಲರೆದುರು ಕಳಚಿ ಬರುತ್ತಿತ್ತು. ಆಕೆ ಒಮ್ಮೆ ತಿರುವಿ ನೋಡಿ, ಹಾಗೆಯೇ ಹಿಂದಕ್ಕೆ ಕೊಟ್ಟು ಮೆಟ್ಟಿಲಿಳಿದರು.

“ಕಿತ್ತಿ ತೋರಸಬೇಕಿತ್ತಲ್ಲ ಅಮ್ಮಿ?” ಮನೆಯಲ್ಲಿ ಮಗಳು ತಸ್ಲೀಮ ಸಿಟ್ಟಾದಳು.

“ಕಿತ್ತಿದ್ರ ಚುರುಟ ಹಾಳಾಗ್ತಿತ್ತು.”

ಮರುತಿಂಗಳು ಗೋರಖನಾಥ ಇನ್ನೊಂದು ಪೆಟ್ಟಿಗೆ ಕಳುಹಿಸಿದ. ಆಕೆ ಮುಚ್ಚಳವನ್ನೂ ತೆರೆಯದೆ ವಾಪಸು ಕಳಿಸಿದರು. ಅದೇ ಮಧ್ಯಾಹ್ನ ಬೀಡಿ ಗುತ್ತೇದಾರನ ಆಳು ಬಂದು, ಸೊಟ್ಟಗಿವೆ ಎಂದು ಅವರ ಮೂರು ಕಟ್ಟು ಬೀಡಿ ಮುರಿದು ಎಸೆದ. ಇಂಥದ್ದಕ್ಕೆ ಯಾವಾಗಲೂ ಜಗಳಕ್ಕೆ ನಿಲ್ಲುತ್ತಿದ್ದ ಶಾಕಿರಾ ಬೇಗಂ ಅಂದು ಮುರಿದ ಬೀಡಿಗಳನ್ನು ಆಯ್ದು ಮೊರಕ್ಕೆ ಹಾಕಿಕೊಂಡರು; ತಮ್ಮ ಕೈಗೆ ತಾವೇ ಸಾಕ್ಷಿ ಹೇಳುವ ಆಸೆ ಆ ಅಂಗಡಿಯಲ್ಲೇ ಮುಗಿದಿತ್ತು.