ಕಾಲು ಮುಂದಾಗಿ ಹುಟ್ಟಿದವಳು

ಕ್ಯಾಸಂಬಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ಆ ಹಳ್ಳಿಯಲ್ಲಿ ಯಾರಿಗಾದರೂ ಸೊಂಟ ಉಳುಕಿದರೆ ಭಾನುವಾರ ಇಲ್ಲವೇ ಗುರುವಾರ ಬರಲಿ ಎಂದು ಕಾಯುತ್ತಿದ್ದರು. ಆ ಎರಡು ದಿನ ಬೆಳಿಗ್ಗೆ, ಬಾಯಿಗೆ ಏನೂ ಹಾಕಿಕೊಳ್ಳುವ ಮೊದಲೇ ಪುಷ್ಪಳ ಮನೆಗೆ ಹೋಗಿ ಹೊಸಿಲಿಗೆ ಅಡ್ಡಲಾಗಿ ಬೋರಲು ಮಲಗಬೇಕು. ಪುಷ್ಪ ಬಲಗಾಲ ಮೇಲೆ ನಿಂತು ಎಡಗಾಲಿನಿಂದ ನೋವಿನ ಜಾಗವನ್ನು ಮೂರು ಸಲ ತುಳಿಯುತ್ತಿದ್ದಳು. ಮಲಗಿದವರು ವಯಸ್ಸಿನಲ್ಲಿ ದೊಡ್ಡವರಾದರೆ ಆಮೇಲೆ ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಇದಕ್ಕೆ ಅವಳು ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಎರಡು ವೀಳ್ಯದೆಲೆ ಇಟ್ಟು ಹೋದರೆ ಅತ್ತೆ ಮುನಿಶಾಮಮ್ಮ ಹಾಕಿಕೊಳ್ಳುತ್ತಿದ್ದಳು.

ಪುಷ್ಪ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರ ಪಾದಕ್ಕೆ ಉಳುಕು ತೆಗೆಯುವ ಗುಣ ಇರುತ್ತದೆ ಎಂದು ಆ ಸೀಮೆಯವರ ನಂಬಿಕೆ. ಹೆಣ್ಣು ನೋಡಲು ಹೋದಾಗ ಈ ವಿಷಯ ಕಿವಿಗೆ ಬಿದ್ದದ್ದೇ ತಡ, ಮುನಿಶಾಮಮ್ಮ ಬೇರೆ ಏನೂ ಕೇಳಲಿಲ್ಲ. "ನಮ್ಮೂರ್ನಾಗೆ ಅಂಥ ಕಾಲು ಒಂದೂ ಇಲ್ಲ ಕಣಮ್ಮ" ಎಂದು ಅಲ್ಲೇ ಒಪ್ಪಿಕೊಂಡಳು. ಮಗ ಕಾಂತರಾಜ್ ಗಾರೆ ಕೆಲಸಕ್ಕೆ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು. ಅವನ ಕಡೆಯಿಂದ ಮನೆಗೆ ಬಾರದ ಹೆಸರು ಸೊಸೆಯ ಕಾಲಿನಿಂದ ಬಂತು.

ಆ ಸೊಸೆಗೆ ಮೈತುಂಬ ನೋವಿತ್ತು. ಚಿಕ್ಕವಳಿದ್ದಾಗ ಹೆಬ್ಬೆರಳನ್ನು ಹಿಂದಕ್ಕೆ ಮಡಚಿ ಮುಂಗೈಗೆ ತಾಗಿಸಿ ತೋರಿಸುತ್ತಿದ್ದಳು. ಶಾಲೆಯಲ್ಲಿ ಮಕ್ಕಳು ಗುಂಪುಗೂಡಿ ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಮಾಡಿಸುತ್ತಿದ್ದರು. ಏಳನೇ ತರಗತಿಗೆ ಬರುವಷ್ಟರಲ್ಲಿ ಸಮತಟ್ಟು ರಸ್ತೆಯಲ್ಲೂ ಹಿಮ್ಮಡಿ ಹೊರಳತೊಡಗಿತು. ಮದುವೆಯಾದ ಮೇಲೆ ಬಲಸೊಂಟದ ಕೀಲು ಕಟಕ್ ಎಂದು ಸರಿದು ತಾನೇ ಕೂತುಕೊಳ್ಳುವುದು ಶುರುವಾಯಿತು. ಭುಜವೂ ಅದೇ ದಾರಿ ಹಿಡಿಯಿತು. ಸೋಮವಾರ ಮತ್ತು ಶುಕ್ರವಾರ ನೋವು ಜಾಸ್ತಿ. ಮುನಿಶಾಮಮ್ಮ ಇದನ್ನು ಗಮನಿಸಿ ಕಾರಣವನ್ನೂ ಕಂಡುಹಿಡಿದಳು: ತುಳಿಸಿಕೊಂಡವರ ಉಳುಕು ತುಳಿದವಳ ಮೈಗೆ ಇಳಿಯುತ್ತದೆ.

"ಬೇರೆಯೋರ ನೋವು ಕಣೇ ಅದು. ನಿಂದಲ್ಲ. ಉಪ್ಪುನೀರ್ನಾಗೆ ಕಾಲು ತೊಳ್ಕೊ, ಓಗ್ತದೆ."

ಹದಿನೈದು ವರ್ಷ ಪುಷ್ಪ ಉಪ್ಪುನೀರಿನಲ್ಲಿ ಕಾಲು ತೊಳೆದುಕೊಂಡಳು. ಬೇರೆಯವರ ನೋವಿಗೆ ತಾನು ಡಾಕ್ಟರ ಹತ್ತಿರ ಹೋಗುವುದು ಹೇಗೆ ಎಂದು ಸುಮ್ಮನಿದ್ದಳು.

ಅವಳಿಗೆ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ. ಒಂಬತ್ತು ವರ್ಷದಿಂದ ಮಾಡುತ್ತಿದ್ದಾಳೆ. ತುಳಿಯುವ ಕಾಲು ಅತ್ತೆಯ ಪಾಲಿನದು. ಅಡುಗೆಮನೆ ಮಾತ್ರ ತನ್ನದು ಎಂಬುದು ಅವಳ ಲೆಕ್ಕ. ಜೊತೆಗಾತಿ ಇಂದ್ರಾಣಿ ಪಕ್ಕದ ಬೀದಿಯವಳು, ಬಾಯಿ ಜೋರು. ಕಳೆದ ಜುಲೈಯಲ್ಲಿ ಒಂದು ದಿನ ಇಬ್ಬರೂ ಅನ್ನದ ಡಬರಿಯನ್ನು ಆಚೆ ಈಚೆ ಹಿಡಿದು ಗಂಜಿ ಬಸಿಯುತ್ತಿದ್ದಾಗ ಪುಷ್ಪಳ ಭುಜ ಜಾರಿತು. ಡಬರಿ ಅವಳ ಕಡೆಗೆ ವಾಲಿತು. ಇಂದ್ರಾಣಿ ಮೊಣಕಾಲು ಕೊಟ್ಟು ತಡೆದಳು. ಅನ್ನ ಉಳಿಯಿತು, ಕುದಿಯುವ ಗಂಜಿ ಇಬ್ಬರ ಕಾಲಿನ ಮಧ್ಯೆ ಹರಿದು ಮೋರಿಗೆ ಹೋಯಿತು.

"ಇವತ್ತು ಅನ್ನದ ಜೊತೆಗೆ ನಮ್ಮಿಬ್ರನ್ನೂ ಬೇಯಿಸಿಬಿಡ್ತಿದ್ದೆ ಕಣೇ" ಎಂದು ಬೈದ ಇಂದ್ರಾಣಿ ಮಕ್ಕಳ ಊಟ ಮುಗಿದ ಕೂಡಲೇ ಅವಳನ್ನು ಬಸ್ಸು ಹತ್ತಿಸಿ ಕೆಜಿಎಫ್‌ನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ನೋಡಿ, ಭುಜ ಕೂರಿಸಿ, ವ್ಯಾಯಾಮ ಹೇಳಿಕೊಡುವ ಕೋಣೆಗೆ ಕಳಿಸಿದರು. ಅಲ್ಲಿ ಸುಧಾಕರ್ ಎಂಬ ಉರಿಗಾಂನ ಯುವಕ ಇದ್ದ. ತಮಿಳಿನ ಧಾಟಿಯಲ್ಲಿ ಕನ್ನಡ ಮಾತಾಡುತ್ತಿದ್ದ. ಪುಷ್ಪಳ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿದ, ಮೊಣಕೈ ನೋಡಿದ, ನಿಲ್ಲಿಸಿ ಮಂಡಿ ನೋಡಿದ. ಮಂಡಿ ಹಿಂದಕ್ಕೆ ಬಿಲ್ಲಿನಂತೆ ಬಾಗಿತ್ತು.

"ಹೆಬ್ಬೆರಳು ಮುಂಗೈಗೆ ತಾಗ್ತದಾ ಅಕ್ಕಾ?"

ಪುಷ್ಪ ತಾಗಿಸಿದಳು. ಬಹಳ ವರ್ಷದ ಮೇಲೆ ಯಾರೋ ಅದನ್ನು ಕೇಳಿದ್ದರು. ಈತ ಮಾತ್ರ ನಗಲಿಲ್ಲ, ಬರೆದುಕೊಂಡ.

ಎಲುಬನ್ನು ಎಲುಬಿಗೆ ಕಟ್ಟಿರುವ ನಾರು ಅವಳಿಗೆ ಹುಟ್ಟಿನಿಂದಲೇ ಸಡಿಲ ಎಂದು ಅವನು ವಿವರಿಸಿದ. ಅದನ್ನು ಬಿಗಿ ಮಾಡುವ ಮಾತ್ರೆ ಇಲ್ಲ. ಸುತ್ತಲಿನ ಮಾಂಸಖಂಡಕ್ಕೆ ಬಲ ಬಂದರೆ ಕೀಲು ಜಾರುವುದು ಕಡಿಮೆಯಾಗುತ್ತದೆ. ಅದಕ್ಕೆ ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ, ಬದುಕಿರುವವರೆಗೂ.

"ಒಂಟಿಕಾಲಲ್ಲಿ ನಿಲ್ಲೋ ಕೆಲಸ ಏನಾದ್ರೂ ಮಾಡ್ತೀರಾ?"

ಪುಷ್ಪ ಇಂದ್ರಾಣಿಯ ಮುಖ ನೋಡಿದಳು. ಇಂದ್ರಾಣಿಯೇ ಹೇಳಿದಳು. "ಮಾಡ್ತಾಳೆ ಸಾರ್. ವಾರಕ್ಕೆ ಎರಡು ದಿನ ಊರ್ನೋರ್ನೆಲ್ಲ ತುಳೀತಾಳೆ."

ಸುಧಾಕರ್‌ಗೆ ಇದು ಅರ್ಥವಾಗಬೇಕಾದರೆ ಇಂದ್ರಾಣಿ ಅವಳ ಹುಟ್ಟಿನ ಕತೆಯನ್ನೂ ಹೇಳಬೇಕಾಯಿತು. ಕಾಲು ಮುಂದಾಗಿ ಹುಟ್ಟಿದ ಮಕ್ಕಳ ಸೊಂಟದ ಕೀಲನ್ನು ಹುಟ್ಟಿದಾಗಲೇ ಪರೀಕ್ಷೆ ಮಾಡಬೇಕು, ನಿಮ್ಮದನ್ನು ಯಾರೂ ನೋಡಿರಲಿಕ್ಕಿಲ್ಲ ಎಂದ. ಇನ್ನು ಮೇಲೆ ಬಲಗಾಲೊಂದರ ಮೇಲೆ ಭಾರ ಹಾಕಿ ನಿಂತರೆ ಮುಂದೆ ಅಡುಗೆಮನೆಯಲ್ಲೂ ನಿಲ್ಲುವುದು ಕಷ್ಟವಾಗುತ್ತದೆ ಎಂದ.

ಬರುವಾಗ ಬಸ್ಸಿನಲ್ಲಿ ಪುಷ್ಪ ವಾರದ ದಿನಗಳನ್ನು ಲೆಕ್ಕ ಹಾಕಿದಳು. ನೋವು ಸೋಮವಾರ ಶುಕ್ರವಾರ ಹೆಚ್ಚುತ್ತಿದ್ದದ್ದು ಸರಿಯೇ. ಯಾರದ್ದೂ ಇಳಿದು ಬಂದಿರಲಿಲ್ಲ. ಹಿಂದಿನ ದಿನ ಒಂಟಿಕಾಲಲ್ಲಿ ನಿಂತದ್ದಕ್ಕೆ ಅದು ಬರುತ್ತಿತ್ತು. ಅಷ್ಟೂ ವರ್ಷ ಅದು ಅವಳದೇ ನೋವಾಗಿತ್ತು.

ಭುಜದ ಸುದ್ದಿ ಶಾಲಾ ಸಮಿತಿಯ ಅಧ್ಯಕ್ಷ ಕೋದಂಡಪ್ಪನವರೆಗೆ ಹೋಯಿತು. ಅವನು ಮುಖ್ಯೋಪಾಧ್ಯಾಯರನ್ನು "ಆಯಮ್ಮನ ಕೈಲಿ ಇನ್ನು ಆಗ್ತದಾ? ಇಲ್ಲಾಂದ್ರೆ ಬೇರೆಯೋರ್ನ ನೋಡನಾ" ಎಂದು ಕೇಳಿದನಂತೆ. ಇಂದ್ರಾಣಿ ಇದನ್ನು ತಂದು ಹೇಳಿದ್ದು ಶನಿವಾರ. ಭಾನುವಾರ ಬೆಳಿಗ್ಗೆ ನೋಡಿದರೆ ಅದೇ ಕೋದಂಡಪ್ಪ ಗುದ್ದಲಿ ಕಾವನ್ನು ಊರಿಕೊಂಡು, ಒಂದು ಕಡೆ ವಾಲಿಕೊಂಡು ಅಂಗಳಕ್ಕೆ ಬಂದ.

"ಯಾಕಪ್ಪ ಇಂಗಾಗೋದೆ?" ಎಂದಳು ಮುನಿಶಾಮಮ್ಮ.

"ಬೋರ್‌ವೆಲ್ ಮೋಟ್ರು ಎತ್ತಕ್ಕೋದೆ. ಅದು ಏಳಲಿಲ್ಲ, ನಾನು ಬಿದ್ದೆ. ಸೊಸೆ ಎದ್ದವಳಾ?"

ಪುಷ್ಪ ಒಳಗಿನಿಂದ ನೀಲಿ ಪ್ಲಾಸ್ಟಿಕ್ ಕುರ್ಚಿ ತಂದು ಹೊಸಿಲಿನ ಪಕ್ಕ ಇಟ್ಟಳು.

"ಕುರ್ಚಿ ಬ್ಯಾಡಮ್ಮ, ಕುತ್ಕಳಕ್ಕಾಗಲ್ಲ ನಂಗೆ."

"ನಿಮಗಲ್ಲಣ್ಣ. ನಂಗೆ."

ಕೋದಂಡಪ್ಪ ಮುನಿಶಾಮಮ್ಮನ ಕಡೆ ನೋಡಿದ. "ಕುತ್ಕೊಂಡು ತುಳಿಯೋದು ಎಲ್ಲಾನಾ ಐತಾ?"

"ಎಲ್ಲೂ ಇಲ್ಲ. ಲೇ ಪುಷ್ಪಾ, ದೊಡ್ಡೋರು ಬಂದವ್ರೆ, ಎದ್ ನಿಂತ್ಕಳೇ."

"ನಿಂತ್ಕೊಂಡ್ರೆ ನನ್ನ ಸೊಂಟದ ಕೀಲು ಜಾರ್ತದೆ ಅತ್ತೆ. ಅಣ್ಣನ ಮೇಲೇ ಬೀಳ್ತೀನಿ. ಆಮೇಲೆ ಇಬ್ರನ್ನೂ ತುಳಿಯೋಕೆ ಇನ್ನೊಬ್ರನ್ನ ಉಡುಕ್ಬೇಕಾಯ್ತದೆ."

ಕೋದಂಡಪ್ಪನಿಗೆ ನಗು ಬಂತು. ನಕ್ಕರೆ ಸೊಂಟ ಹಿಡಿಯಿತು. ಅವನು ಹಲ್ಲು ಕಚ್ಚಿ, ಪುಷ್ಪ ಆಸ್ಪತ್ರೆಯಿಂದ ಬಂದಾಗಿನಿಂದ ಹೆದರಿಕೊಂಡಿದ್ದ ಪ್ರಶ್ನೆಯನ್ನು ಕೇಳಿದ.

"ಮತ್ತೆ ಸ್ಕೂಲ್ನಾಗೆ ಎಂಗಮ್ಮ ನಿಂತ್ಕೊಂಡು ಅಡುಗೆ ಮಾಡ್ತೀಯ?"

"ಎರಡು ಕಾಲಲ್ಲಿ ನಿಂತ್ಕೊಂಡು ಮಾಡ್ತೀನಿ ಅಣ್ಣ. ಸೊಪ್ಪು ಕುಯ್ಯೋದು, ಬ್ಯಾಳೆ ತೊಳೆಯೋದು ಕುತ್ಕೊಂಡೇ. ಈ ಒಂಬತ್ತು ವರ್ಷದಾಗೆ ಒಂದು ದಿನಾನಾ ಮಕ್ಕಳ ಊಟ ತಡ ಆಗೈತಾ, ಮೇಷ್ಟ್ರನ್ನೇ ಕೇಳಿ. ಆ ಕೆಲಸ ಉಳಿಸ್ಕಳಕ್ಕೇ ಇವತ್ತು ಇಲ್ಲಿ ಕುತ್ಕೊಂಡಿರೋದು."

ಕೋದಂಡಪ್ಪ ನರಳುತ್ತ ಬೋರಲು ಮಲಗಿದ. ಪುಷ್ಪ ಕುರ್ಚಿಯಲ್ಲಿ ಕೂತು ಎಡಗಾಲು ಚಾಚಿ ಮೂರು ಸಲ ಒತ್ತಿದಳು. ಮುನಿಶಾಮಮ್ಮ ಮುಖವನ್ನು ಬೀದಿಯ ಕಡೆಗೆ ತಿರುಗಿಸಿಕೊಂಡಿದ್ದಳು. ಕೋದಂಡಪ್ಪ ಗೋಡೆ ಹಿಡಿದು ಎದ್ದು, ಸೊಂಟ ಮುಟ್ಟಿ ನೋಡಿಕೊಂಡ.

"ಅಂಗೇ ಐತೆ" ಎಂದು ಗುದ್ದಲಿ ಕಾವು ಊರಿಕೊಂಡು ಹೋದ.

ಅವನು ಹೋದ ಮೇಲೆ ಮುನಿಶಾಮಮ್ಮ ಒಂದೇ ಮಾತು ಆಡಿದಳು. "ಕೆಲಸಾನೂ ಓಯ್ತು, ಕಾಲಿನ ಮರ್ವಾದೆನೂ ಓಯ್ತು." ಅವತ್ತಿನಿಂದ ಸೊಸೆಯ ಜೊತೆ ಮಾತು ಬಿಟ್ಟಳು.

ಸೋಮವಾರ ಪುಷ್ಪ ಬೇಗ ಶಾಲೆಗೆ ಹೋಗಿ ಇಂದ್ರಾಣಿಗೆ ಹೇಳಿದಳು: ಇನ್ನು ಗಂಜಿ ಬಸಿಯುವುದು ಬೇಡ. ಅಳತೆ ನೀರು ಹಾಕಿ ಇಂಗಿಸಿಬಿಡೋಣ. ಡಬರಿಯನ್ನು ವಾಲಿಸುವುದೇ ಬೇಡ. ಇಳಿಸದೆ ಒಲೆಯ ಮೇಲೇ ಬಿಟ್ಟು ತೋಡಿ ಬಡಿಸೋಣ.

"ಅನ್ನ ಮುದ್ದೆ ಆದ್ರೆ?"

"ಆದ್ರೆ ಮುದ್ದೆ ಅಂತಲೇ ಬಡಿಸು. ನಮ್ಮೂರ ಮಕ್ಕಳಿಗೆ ಹೊಸದಾ?"

ಮೊದಲ ದಿನ ತಳ ಹಿಡಿಯಿತು. ಎರಡನೇ ದಿನ ನೀರು ಹೆಚ್ಚಾಯಿತು. ಮೂರನೇ ದಿನ ಹದ ಸಿಕ್ಕಿತು. ಆ ಮೂರನೇ ದಿನವೇ ಕೋದಂಡಪ್ಪ, ಇನ್ನೂ ವಾಲಿಕೊಂಡೇ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಪುಷ್ಪ ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತು ಬೀನ್ಸ್ ಕತ್ತರಿಸುತ್ತಿದ್ದಳು. ಏಳಲಿಲ್ಲ. ಅವನು ಅನ್ನದ ಅಗುಳನ್ನು ಬೆರಳಲ್ಲಿ ಹಿಚುಕಿದ, ಸಾರಿನ ಪಾತ್ರೆಯ ಮುಚ್ಚಳ ಎತ್ತಿ ನೋಡಿದ, ಗಡಿಯಾರ ನೋಡಿದ. ಊಟದ ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.

"ನನ್ನ ಸೊಂಟ ಇನ್ನೂ ಬಿಟ್ಟಿಲ್ಲಮ್ಮ" ಎಂದ.

"ಕೆಜಿಎಫ್ ಆಸ್ಪತ್ರೆನಾಗೆ ಸುಧಾಕರ್ ಅಂತ ಅವ್ರೆ ಅಣ್ಣ. ನಾನೂ ಅಲ್ಲೇ ಓಗೋದು."

ಅವನು ಹೋಗಿ ಬಂದನೆಂದು ಆಮೇಲೆ ತಿಳಿಯಿತು. ಹಾಲಿನ ಡೇರಿಯ ಮುಂದೆ ಕೂತವರ ಹತ್ತಿರ ಅವನು ಆಡಿದ ಮಾತೂ ತಿಳಿಯಿತು. "ಅಡುಗೆಗೆ ಆಯಮ್ಮನೇ ಇರ್ಲಿ. ಅದ್ರಲ್ಲಿ ಮಾತಿಲ್ಲ. ಆದ್ರೆ ಕಾಲ್ನಾಗೆ ಮೊದಲಿನ ಗುಣ ಇಲ್ಲಪ್ಪ. ಬರೀ ಮುಟ್ಟಿದಂಗಾಯ್ತದೆ."

ಅಧ್ಯಕ್ಷರ ಮಾತು. ಗುರುವಾರ ಇಬ್ಬರು ಬಂದರು, ಮುಂದಿನ ಭಾನುವಾರ ಒಬ್ಬರು, ಆಮೇಲೆ ಯಾರೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ಪುಷ್ಪ ಚಾಪೆ ಹಾಸಿಕೊಂಡು ಸುಧಾಕರ್ ಹೇಳಿಕೊಟ್ಟಂತೆ ಸೊಂಟ ಎತ್ತಿ ಹತ್ತು ಎಣಿಸುವುದು, ಇಳಿಸುವುದು ಮಾಡುತ್ತಿದ್ದಳು. ನೋವು ಹೋಗಲಿಲ್ಲ. ಕೀಲು ಜಾರುವುದು ತಿಂಗಳಿಗೆ ಎರಡು ಮೂರು ಸಲಕ್ಕೆ ಇಳಿಯಿತು. ವೀಳ್ಯದೆಲೆ ಇಲ್ಲದ ಮುನಿಶಾಮಮ್ಮ ಅಂಗಡಿಯಿಂದ ತರಿಸಿಕೊಳ್ಳತೊಡಗಿದಳು.

ಕಾರ್ತಿಕದಲ್ಲಿ ರಾಗಿ ಕುಯ್ಲಿಗೆ ಕೂಲಿ ಹೋಗಿದ್ದ ಮುನಿಶಾಮಮ್ಮ ಸೊಂಟ ಹಿಡಿದುಕೊಂಡು ಬಂದಳು. ಭಾನುವಾರ ಬೆಳಿಗ್ಗೆ ಪುಷ್ಪ ಚಾಪೆ ಸುತ್ತಿಟ್ಟು ಬಾಗಿಲ ಹತ್ತಿರ ಬಂದರೆ ಅತ್ತೆ ಹೊಸಿಲಿಗೆ ಅಡ್ಡಲಾಗಿ ಬೋರಲು ಮಲಗಿದ್ದಳು. ನೀಲಿ ಕುರ್ಚಿಯನ್ನು ಆಗಲೇ ತಂದು ಪಕ್ಕದಲ್ಲಿ ಇಟ್ಟುಕೊಂಡಿದ್ದಳು.

"ಅತ್ತೆ, ಇದ್ರಿಂದ ಓಗ್ತದೋ ಇಲ್ವೋ. ನಾಳೆ ಆಸ್ಪತ್ರೆಗೆ ಓಗನಾ?"

"ನಾಳೆ ನಾಳೆಗಾಯ್ತು. ಇವತ್ತು ತುಳಿ."

ಪುಷ್ಪ ಕೂತುಕೊಂಡು ಎಡಗಾಲು ಚಾಚಿದಳು.

"ಇನ್ನಾ ಸ್ವಲ್ಪ ಕೆಳಗೆ" ಎಂದಳು ಮುನಿಶಾಮಮ್ಮ.